ಆಡದವನ ದ್ಯೂತ

ಚಾತುರ್ಮಾಸದಲ್ಲಿ ಮುನಿಮಹಾರಾಜರ ಸನ್ನಿಧಿಗೆ ಹೋಗಿ ವ್ರತ ಬೇಡುವ ಶ್ರಾವಕನಿಗೆ ಮೊದಲು ಕೊಡಿಸುವ ನಿಯಮಗಳಲ್ಲಿ ಸಪ್ತವ್ಯಸನತ್ಯಾಗವೊಂದು. ಆ ಏಳರ ಪಟ್ಟಿಯಲ್ಲಿ ಮೊದಲು ನಿಲ್ಲುವುದು ದ್ಯೂತ. ಮಾಂಸ, ಮದ್ಯಗಳು ಅದರ ಹಿಂದೆ ಬರುತ್ತವೆ. ನಮ್ಮಲ್ಲಿ ಬಹುಮಂದಿ ಈ ತ್ಯಾಗವನ್ನು ಅತಿ ಸುಲಭವೆಂದು ಭಾವಿಸಿ ಕೈಮುಗಿದು ಒಪ್ಪಿಬಿಡುತ್ತೇವೆ. ಇಸ್ಪೀಟಿನ ಎಲೆ ಮುಟ್ಟದವನಿಗೆ, ಓಸಿಯ ಚೀಟಿ ಕಾಣದವನಿಗೆ ದ್ಯೂತದಲ್ಲಿ ತ್ಯಜಿಸತಕ್ಕದ್ದೇನಿದೆ? ಏಕಾಶನ, ಉಪವಾಸ, ರಾತ್ರಿಭೋಜನತ್ಯಾಗಗಳಲ್ಲಿ ದೇಹಕ್ಕೆ ಶ್ರಮವಾದರೂ ಇದೆ. ನಾನೂ ಬಹುಕಾಲ ಹಾಗೆಯೇ ತಿಳಿದಿದ್ದೆನೆಂದು ಒಪ್ಪಿಕೊಳ್ಳಬೇಕು.

ಕಳೆದ ದಶಲಕ್ಷಣ ಪರ್ವದಲ್ಲಿ ನಡೆದ ಒಂದು ಪ್ರಸಂಗ ಆ ತಿಳಿವಳಿಕೆಯನ್ನು ಅಲುಗಾಡಿಸಿತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮಗ ಇಂಗ್ಲೆಂಡಿನಲ್ಲಿ ಉನ್ನತ ವ್ಯಾಸಂಗ ಮುಗಿಸಿ ಅಲ್ಲಿಯೇ ಉದ್ಯೋಗಕ್ಕೆ ಸೇರಿದ್ದಾನೆ. ರಜೆಯಲ್ಲಿ ಊರಿಗೆ ಬಂದವನು ಒಂಬತ್ತು ದಿನ ಏಕಾಶನ ಮಾಡಿ, ಅನಂತ ಚತುರ್ದಶಿಯಂದು ನಿರಾಹಾರ ಉಪವಾಸ ಆಚರಿಸಿ, ಮರುದಿನ ಪಾರಣೆ ಮುಗಿದ ಮೇಲೆ ನಮ್ಮ ಮನೆಗೆ ಬಂದನು. ಬಹಳ ಹೊತ್ತು ಅದು ಇದು ಮಾತಾಡಿ ಕೊನೆಗೆ ವಿಷಯಕ್ಕೆ ಬಂದನು. ಅವನು ಕೆಲಸ ಮಾಡುವುದು ಆಟೋಟಗಳ ಮೇಲೆ ಅಂತರ್ಜಾಲದ ಮೂಲಕ ಬಾಜಿ ಕಟ್ಟಿಸಿಕೊಳ್ಳುವ ಒಂದು ಸಂಸ್ಥೆಯಲ್ಲಿ. ಪಂದ್ಯ ನಡೆಯುತ್ತಿರುವಾಗ ಕ್ಷಣಕ್ಷಣಕ್ಕೂ ಬಾಜಿಯ ದರ ಲೆಕ್ಕಹಾಕುವ ಗಣಕಕ್ರಮವನ್ನು ರಚಿಸುವುದು ಅವನ ಪಾಲಿನ ಕಾರ್ಯ.

“ಮಾಸ್ತರರೆ, ನಾನು ಒಂದು ಪೈಸೆಯ ಬಾಜಿ ಕಟ್ಟಿದವನಲ್ಲ. ಕಟ್ಟಿರೆಂದು ಯಾರಿಗೂ ಹೇಳಿದವನಲ್ಲ. ನಾನು ಮಾಡುವುದು ಬರೀ ಲೆಕ್ಕ. ಅಲ್ಲಿನ ಕಾಯಿದೆ ಅದನ್ನು ಒಪ್ಪಿದೆ. ನನ್ನ ವ್ರತಕ್ಕೆ ಭಂಗವಿದೆಯೆ?”

ಅವನ ತಂದೆಗೆ ಲೆಕ್ಕ ಕಲಿಸಿದವನು ನಾನು. ಆದ್ದರಿಂದ ಪ್ರಶ್ನೆ ನನಗೂ ಸ್ವಲ್ಪ ತಾಗಿತು. ಆ ಹೊತ್ತಿಗೆ ಸರಿಯಾದ ಉತ್ತರ ತೋಚಲಿಲ್ಲ, ಓದಿ ಹೇಳುತ್ತೇನೆಂದೆನು. ಅವನ ಸಂಸ್ಥೆಯ ಹೆಸರು ಇಲ್ಲಿ ಬೇಡ. ಅದೇ ವೃತ್ತಿಯಲ್ಲಿ ಜಗತ್ಪ್ರಸಿದ್ಧವಾದ ಬೇರೊಂದು ಸಂಸ್ಥೆಯ ಚರಿತ್ರೆ ಎಲ್ಲರಿಗೂ ತಿಳಿದಿರುವುದರಿಂದ ಅದನ್ನೇ ಎದುರಿಗಿಟ್ಟುಕೊಂಡು ವಿಚಾರ ಮಾಡಿದೆನು. ವ್ಯಕ್ತಿನಿಂದೆ ನನ್ನ ಉದ್ದೇಶವಲ್ಲ. ವೃತ್ತಿಯ ಸ್ವರೂಪವೇ ಇಲ್ಲಿ ವಿಚಾರಣೀಯ.

ಇಂಗ್ಲೆಂಡಿನ ನಡುಭಾಗದಲ್ಲಿ ಸ್ಟೋಕ್-ಆನ್-ಟ್ರೆಂಟ್ ಎಂಬ ಪಟ್ಟಣವಿದೆ. ಪಿಂಗಾಣಿಗೆ ಹೆಸರಾದ ಊರು. ವೆಜ್‌ವುಡ್ ಬಟ್ಟಲುಗಳು ಹುಟ್ಟಿದ್ದು ಅಲ್ಲಿಯೇ. ಕಲ್ಲಿದ್ದಲ ಗಣಿಗಳೂ ಇದ್ದುವು. ಗಣಿಗಳು ಮುಚ್ಚಿ, ಕುಂಬಾರಿಕೆ ಕ್ಷೀಣಿಸಿ ಊರು ಬಡವಾಯಿತು. ಗಣಿಕಾರ್ಮಿಕನ ಮಗನಾಗಿ ಹುಟ್ಟಿದ ಪೀಟರ್ ಕೋಟ್ಸ್ ಎಂಬಾತ ಕಾಲ್ಚೆಂಡಾಟದ ಮೈದಾನಗಳಲ್ಲಿ ಆಹಾರ ಒದಗಿಸುವ ವ್ಯಾಪಾರ ಮಾಡಿ, ೧೯೭೦ರ ದಶಕದಲ್ಲಿ ಬಾಜಿ ಅಂಗಡಿಗಳನ್ನೂ ಕೊಂಡನು. ಆ ದೇಶದಲ್ಲಿ ಬಾಜಿ ಅಂಗಡಿಗಳಿಗೆ ಕಾಯಿದೆಯ ಸಮ್ಮತಿ ದೊರೆತು ಬಾಗಿಲು ತೆರೆದದ್ದು ೧೯೬೧ರ ಮೇ ತಿಂಗಳಲ್ಲಿ. ಅದಕ್ಕೆ ಮೊದಲು ಕುದುರೆಯ ಬಾಜಿ ಬೀದಿಯ ಮೂಲೆಗಳಲ್ಲಿ ಕದ್ದುಮುಚ್ಚಿ ನಡೆಯುತ್ತಿತ್ತು. ಹೇಗಿದ್ದರೂ ನಡೆಯುವುದನ್ನು ಬೆಳಕಿಗೆ ತಂದು ಹತೋಟಿಯಲ್ಲಿಡೋಣ ಎಂಬುದು ಕಾಯಿದೆ ಮಾಡಿದವರ ತರ್ಕ. ಕೌಟಿಲ್ಯನದೂ ಹೆಚ್ಚುಕಡಿಮೆ ಇದೇ ತರ್ಕ: ಅರ್ಥಶಾಸ್ತ್ರದಲ್ಲಿ ದ್ಯೂತಾಧ್ಯಕ್ಷನೆಂಬ ಅಧಿಕಾರಿಯೇ ಇದ್ದಾನೆ, ಒಂದೇ ಕಡೆ ಜೂಜಾಡಿಸಿ, ಗೆದ್ದ ಹಣದಲ್ಲಿ ನೂರಕ್ಕೆ ಐದನ್ನೂ ದಾಳಗಳ ಬಾಡಿಗೆಯನ್ನೂ ಅವನು ವಸೂಲು ಮಾಡುತ್ತಾನೆ. ರಾಜನೀತಿಗೆ ಅದು ಸರಿಯಿದ್ದೀತು. ರಾಜನೀತಿ ವ್ರತವಲ್ಲ.

ಪೀಟರ್ ಕೋಟ್ಸನ ಮಗಳು ಡೆನಿಸ್ ಕೋಟ್ಸ್ ೧೯೬೭ರಲ್ಲಿ ಹುಟ್ಟಿದವರು. ಶಾಲಾದಿನಗಳಲ್ಲಿಯೇ ತಂದೆಯ ಅಂಗಡಿಗಳ ಲೆಕ್ಕದ ಕೆಲಸದಲ್ಲಿ ಕೈಜೋಡಿಸಿ, ಷೆಫೀಲ್ಡ್ ವಿಶ್ವವಿದ್ಯಾಲಯದಲ್ಲಿ ಅರ್ಥಮಿತಿಶಾಸ್ತ್ರವನ್ನು ಪ್ರಥಮ ದರ್ಜೆಯಲ್ಲಿ ಮುಗಿಸಿ, ಮತ್ತೆ ಅದೇ ವ್ಯಾಪಾರಕ್ಕೆ ಬಂದರು. ಅಂತರ್ಜಾಲ ಆಗ ಹೊಸದು. ಮುಂದೆ ಬಾಜಿ ನಡೆಯುವುದು ಅಂಗಡಿಯಲ್ಲಲ್ಲ, ಮನೆಯಲ್ಲಿ ಎಂದು ಅವರು ಕಂಡುಕೊಂಡರು. ೨೦೦೦ದಲ್ಲಿ ಇಬೇ ಎಂಬ ಅಂತರ್ಜಾಲ ಹರಾಜುಕಟ್ಟೆಯಲ್ಲಿ ‘ಬೆಟ್ ೩೬೫’ ಎಂಬ ವಿಳಾಸವನ್ನು ೨೫,೦೦೦ ಡಾಲರಿಗೆ ಕೊಂಡರು. ಅಂಗಡಿಗಳನ್ನು ಒತ್ತೆಯಿಟ್ಟು ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡಿನಿಂದ ಒಂದೂವರೆ ಕೋಟಿ ಪೌಂಡು ಸಾಲ ಪಡೆದು, ವಾಹನ ನಿಲ್ಲಿಸುವ ಬಯಲಿನಲ್ಲಿದ್ದ ತಾತ್ಕಾಲಿಕ ಕೊಠಡಿಯೊಂದರಿಂದ ೨೦೦೧ರ ಮಾರ್ಚಿನಲ್ಲಿ ವ್ಯವಹಾರ ಆರಂಭಿಸಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಅಲ್ಲಿನ ಸರಕಾರ ಬಾಜಿ ಕಟ್ಟುವವನ ಮೇಲಿನ ತೆರಿಗೆಯನ್ನು ಎತ್ತಿಹಾಕಿ, ಸಂಸ್ಥೆಯ ಒಟ್ಟು ಲಾಭದ ಮೇಲೆ ನೂರಕ್ಕೆ ಹದಿನೈದರಂತೆ ತೆರಿಗೆ ಹಾಕಿತು. ೨೦೦೫ರಲ್ಲಿ ಅಂಗಡಿಗಳನ್ನೆಲ್ಲ ನಾಲ್ಕು ಕೋಟಿ ಪೌಂಡಿಗೆ ಮಾರಿ ಸಾಲ ತೀರಿಸಿದರು. ೨೦೦೭ರ ಸೆಪ್ಟೆಂಬರಿನಲ್ಲಿ ಹೊಸ ಕಾಯಿದೆ ಜಾರಿಗೆ ಬಂದು ದೂರದರ್ಶನದಲ್ಲಿ ಬಾಜಿಯ ಜಾಹೀರಾತಿಗೂ ದಾರಿಯಾಯಿತು. ಅನಂತರದ್ದು ನದಿ ಮಹಾಪೂರವಾದ ಕಥೆ. ೨೦೨೦ರ ಮಾರ್ಚಿಗೆ ಮುಗಿದ ವರ್ಷದಲ್ಲಿ ಆ ಮಹಿಳೆ ಪಡೆದ ಸಂಬಳವೊಂದೇ ೪೨ ಕೋಟಿ ಪೌಂಡು, ಎಂದರೆ ನಮ್ಮ ಸುಮಾರು ನಾಲ್ಕು ಸಾವಿರ ಕೋಟಿ ರೂಪಾಯಿ.

ಆ ಹೆಸರಿನಲ್ಲಿರುವ ಸಂಖ್ಯೆಯನ್ನು ಗಮನಿಸಿರಿ. ವರ್ಷದ ಮುನ್ನೂರರವತ್ತೈದು ದಿನವೂ ಬಾಗಿಲು ಮುಚ್ಚುವುದಿಲ್ಲವೆಂಬುದು ಅದರ ಧ್ವನಿ. ನಮ್ಮ ಪಂಚಾಂಗದಲ್ಲಿ ಅಷ್ಟಮಿಯಿದೆ, ಚತುರ್ದಶಿಯಿದೆ, ಅಷ್ಟಾಹ್ನಿಕವಿದೆ. ಬೇಕು ಎಂಬುದಕ್ಕೆ ಇಂದು ಬೇಡ ಎಂದು ಹೇಳಲು ಕಲಿಸುವ ದಿನಗಳು ಅವು. ಅಂಗಡಿಯ ಕಾಲದಲ್ಲಿ ಬಾಜಿಗೂ ಅನಿವಾರ್ಯವಾಗಿ ಒಂದು ಬಗೆಯ ಪರ್ವವಿತ್ತು: ಸಂಜೆ ಅಂಗಡಿ ಮುಚ್ಚುತ್ತಿತ್ತು, ಶನಿವಾರದ ಪಂದ್ಯಕ್ಕೆ ಶನಿವಾರದವರೆಗೆ ಕಾಯಬೇಕಾಗಿತ್ತು, ಪಣ ಕಟ್ಟಿದ ಮೇಲೆ ಪಂದ್ಯ ಮುಗಿಯುವವರೆಗೆ ಸುಮ್ಮನಿರಬೇಕಾಗಿತ್ತು. ಬೆಟ್ ೩೬೫ರ ಏಳಿಗೆಗೆ ಮುಖ್ಯ ಕಾರಣ ಈ ಕಾಯುವಿಕೆಯನ್ನು ತೆಗೆದುಹಾಕಿದ್ದು. ಪಂದ್ಯ ನಡೆಯುತ್ತಿರುವಂತೆಯೇ ಮುಂದಿನ ಗೋಲು ಯಾರದು, ಟೆನಿಸ್ಸಿನ ಮುಂದಿನ ಅಂಕ ಯಾರದು ಎಂದು ಬಾಜಿ ಕಟ್ಟಿಸಿಕೊಳ್ಳುವ ವ್ಯವಸ್ಥೆಯನ್ನು ಅವರು ಎಲ್ಲರಿಗಿಂತ ಚೆನ್ನಾಗಿ ಕಟ್ಟಿದರು. ನನ್ನ ವಿದ್ಯಾರ್ಥಿಯ ಮಗ ಮಾಡುವ ಲೆಕ್ಕವೂ ಇದೇ.

ಈ ಲೆಕ್ಕವನ್ನು ವಾಚಕರು ಒಮ್ಮೆ ಕೈಯಾರೆ ಮಾಡಿನೋಡುವುದು ಒಳ್ಳೆಯದು. ನಾಣ್ಯವೊಂದನ್ನು ಚಿಮ್ಮಿ ರಾಜನೋ ಅಕ್ಷರವೋ ಎಂದು ಇಬ್ಬರು ನೂರು ನೂರು ರೂಪಾಯಿ ಕಟ್ಟಿದರೆಂದಿಟ್ಟುಕೊಳ್ಳಿ. ನ್ಯಾಯವಾಗಿ ಗೆದ್ದವನಿಗೆ ಇನ್ನೂರು ಸಲ್ಲಬೇಕು. ಮಧ್ಯದಲ್ಲಿ ಕುಳಿತ ಬಾಜಿಗಾರ ನೂರತೊಂಬತ್ತು ಕೊಡುತ್ತಾನೆ. ನಾಣ್ಯ ಹೇಗೆ ಬಿದ್ದರೂ ಅವನಿಗೆ ಹತ್ತು ಉಳಿಯುತ್ತದೆ. ಕೌಟಿಲ್ಯನ ಅಧ್ಯಕ್ಷನಂತೆ ಇವನೂ ಆಡುವವನಲ್ಲ, ಆಡಿಸುವವನು. ಆಡುವವನ ಕಡೆಯಿಂದ ನೋಡಿದರೆ, ಸರಾಸರಿಯಲ್ಲಿ ಅವನ ನೂರು ಒಂದು ಸುತ್ತಿಗೆ ತೊಂಬತ್ತೈದಾಗುತ್ತದೆ. ಉಳಿದದ್ದನ್ನು ಮತ್ತೆ ಕಟ್ಟಿದರೆ ತೊಂಬತ್ತೂ ಕಾಲು. ಹೀಗೆ ಹದಿನಾಲ್ಕನೆಯ ಸುತ್ತು ಮುಗಿಯುವಷ್ಟರಲ್ಲಿ ನೂರು ಐವತ್ತಕ್ಕಿಂತ ಕೆಳಗಿಳಿದಿರುತ್ತದೆ. ವಾರಕ್ಕೊಂದು ಬಾಜಿ ಕಟ್ಟುವವನಿಗೆ ಹದಿನಾಲ್ಕು ಸುತ್ತಿಗೆ ಮೂರು ತಿಂಗಳಿಗೂ ಮೇಲೆ ಬೇಕು. ಕ್ಷಣಕ್ಷಣದ ಬಾಜಿಯಲ್ಲಿ ಒಂದು ಸಂಜೆ ಸಾಕು. ಐದು ಎಂಬ ಸಣ್ಣ ಅಂಶ ದೊಡ್ಡದಾಗುವುದು ಅದನ್ನು ಹೆಚ್ಚಿಸುವುದರಿಂದಲ್ಲ. ಸುತ್ತುಗಳ ನಡುವಿನ ಬಿಡುವನ್ನು ಕಳೆಯುವುದರಿಂದ. ಮನುಷ್ಯ ಎದ್ದು ನೀರು ಕುಡಿದು, ಸಾಕು ಎಂದು ಯೋಚಿಸಬಹುದಾಗಿದ್ದ ಬಿಡುವು ಅದು.

ಇನ್ನು ಶಾಸ್ತ್ರದ ಮಾತು. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ದ್ಯೂತವನ್ನು ಅನರ್ಥದಂಡದ ಪ್ರಕರಣದಲ್ಲಿ ಎತ್ತಿಕೊಂಡು, ಅದು ಕಳವಿಗೂ ಸುಳ್ಳಿಗೂ ಮನೆಯೆಂದೂ, ಅದನ್ನು ದೂರದಿಂದಲೇ ಬಿಡಬೇಕೆಂದೂ ಹೇಳಿದ್ದಾರೆ. ನನ್ನ ತರುಣ ಮಿತ್ರನ ಆಕ್ಷೇಪ ಇಲ್ಲಿಯೇ ತೊಡಗಿತು. “ಇಲ್ಲಿ ಕಳವೆಲ್ಲಿದೆ? ದರವನ್ನು ಎಲ್ಲರಿಗೂ ಕಾಣುವಂತೆ ತೋರಿಸಿರುತ್ತೇವೆ. ಗೆದ್ದವನಿಗೆ ಹಣ ಸಲ್ಲುತ್ತದೆ. ಸರಕಾರಕ್ಕೆ ತೆರಿಗೆ ಸಲ್ಲುತ್ತದೆ” ಎಂದನು. ಈ ಮಾತನ್ನು ತಳ್ಳಿಹಾಕಲಾಗದು. ಕೋಟ್ಸ್ ಕುಟುಂಬ ಆ ದೇಶದ ಅತ್ಯಧಿಕ ತೆರಿಗೆದಾರರಲ್ಲೊಂದು. ಬಡವಾದ ಊರಿನಲ್ಲಿ ಸಾವಿರಾರು ಜನಕ್ಕೆ ಉದ್ಯೋಗ ಕೊಟ್ಟಿದೆ. ನಮ್ಮಲ್ಲಿ ತಪ್ಪು ತೂಕದ ತಕ್ಕಡಿಯ ಹಿಂದೆ ಕುಳಿತು ಪಂಚಣಮೋಕಾರ ಜಪಿಸುವವರಿಗಿಂತ ಅದು ಮೇಲೆಂದು ಯಾರಾದರೂ ಹೇಳಿದರೆ ನಾನು ವಾದಿಸಲಾರೆ.

ಆದರೂ ಆಚಾರ್ಯರ ಮಾತು ಅಷ್ಟು ಬೇಗ ಸುಳ್ಳಾಗುವುದಿಲ್ಲ. ಈ ಸಂಸ್ಥೆಯ ಆಸ್ಟ್ರೇಲಿಯಾ ಶಾಖೆ ಹೊಸಬರಿಗೆ ೨೦೦ ಡಾಲರಿನ ಉಚಿತ ಬಾಜಿಯೆಂದು ಪ್ರಕಟಿಸಿತ್ತು. ಆ ಉಚಿತವನ್ನು ಪಡೆಯಲು ಮೊದಲು ತನ್ನ ಹಣವನ್ನು ಕಟ್ಟಬೇಕು; ಗೆದ್ದದ್ದನ್ನು ಹೊರತೆಗೆಯಲು ಮತ್ತೆ ಮತ್ತೆ ಕಟ್ಟಿ ಆಡಬೇಕು. ಅಲ್ಲಿನ ಫೆಡರಲ್ ನ್ಯಾಯಾಲಯ ಇದನ್ನು ದಾರಿತಪ್ಪಿಸುವ ಪ್ರಚಾರವೆಂದು ತೀರ್ಮಾನಿಸಿ ೨೦೧೬ರಲ್ಲಿ ೨೭ ಲಕ್ಷ ೫೦ ಸಾವಿರ ಡಾಲರು ದಂಡ ವಿಧಿಸಿತು. ಇಂಗ್ಲೆಂಡಿನಲ್ಲಿಯೂ ೨೦೨೪ರಲ್ಲಿ, ಆಟಗಾರರ ರಕ್ಷಣೆ ಮೊದಲಾದ ವಿಷಯಗಳಲ್ಲಿನ ಲೋಪಕ್ಕಾಗಿ ಜೂಜು ಆಯೋಗ ಇದರಿಂದ ೫,೮೨,೧೨೦ ಪೌಂಡು ವಸೂಲು ಮಾಡಿತು. ಇವಾದರೂ ಲೋಪಗಳು, ತಿದ್ದಿಕೊಳ್ಳಬಹುದು. ನನಗೆ ಹೆಚ್ಚು ಯೋಚನೆ ಹುಟ್ಟಿಸಿದ್ದು ಈ ವೃತ್ತಿಯಲ್ಲೆಲ್ಲ ಇರುವ ಒಂದು ವಾಡಿಕೆ: ಸತತವಾಗಿ ಗೆಲ್ಲುವ ಬುದ್ಧಿವಂತ ಆಟಗಾರನ ಪಣವನ್ನು ಬಿಡಿಗಾಸಿಗೆ ಮಿತಿಗೊಳಿಸಿಬಿಡುವುದು. ಸೋಲುವವನಿಗೆ ಮಣೆ, ಗೆಲ್ಲುವವನಿಗೆ ಬಾಗಿಲು. ಇದನ್ನು ಕಳವೆನ್ನುವುದಿಲ್ಲ, ಕಾಯಿದೆಯೂ ಎನ್ನುವುದಿಲ್ಲ. ಆದರೆ ಇದನ್ನು ಸಮನಾದ ಆಟವೆಂದು ಕರೆಯುವುದಾದರೆ ಸತ್ಯಾಣುವ್ರತದ ಅಂಚು ತಾಗುವುದಿಲ್ಲವೆ?

ಹುಡುಗನ ಎರಡನೆಯ ವಾದ ಇನ್ನೂ ಗಟ್ಟಿಯಾದುದು. “ಒಕ್ಕಲಿಗನ ನೇಗಿಲಿನ ಕೆಳಗೆ ಎಷ್ಟು ಜೀವ ಸಾಯುತ್ತವೆ? ಅದನ್ನು ಉದ್ಯೋಗೀ ಹಿಂಸೆಯೆಂದು ಗೃಹಸ್ಥನಿಗೆ ಸಹಿಸಿದ್ದಾರೆ. ನನ್ನ ಕೆಲಸದಿಂದ ಯಾರಿಗೋ ಆಗುವ ಕೇಡೂ ಅಂಥದೇ ಅಲ್ಲವೆ?” ಎಂದನು. ಮೂರು ದಿನ ಈ ಪ್ರಶ್ನೆ ನನ್ನನ್ನು ಸ್ವಾಧ್ಯಾಯದಲ್ಲಿಯೂ ಬಿಡಲಿಲ್ಲ. ನನಗೆ ತೋರಿದ ಉತ್ತರವಿದು. ನೇಗಿಲ ಕೆಳಗೆ ಒಂದು ಹುಳುವೂ ಸಾಯದಿದ್ದರೆ ಒಕ್ಕಲಿಗನಿಗೆ ಏನು ನಷ್ಟ? ಅವನ ಜೋಳ ಅವನಿಗೆ ಬಂದೇ ಬರುತ್ತದೆ. ಹುಳುವಿನ ಸಾವು ಅವನ ಫಸಲಲ್ಲ. ಬಾಜಿಯ ಮನೆಯಲ್ಲಿ ಯಾರೂ ಸೋಲದಿದ್ದರೆ ಫಸಲೇ ಇಲ್ಲ. ಅಲ್ಲಿ ಕೇಡು ದಾರಿಯಲ್ಲಿ ಸಿಕ್ಕುವುದಲ್ಲ, ಅದೇ ಸರಕು.

ಮಿಠಾಯಿ ಅಂಗಡಿಯವನೂ ಗಿರಾಕಿಯ ಜಿಹ್ವಾಲೌಲ್ಯದಿಂದಲೇ ಬದುಕುತ್ತಾನಲ್ಲ ಎಂದು ಯಾರಾದರೂ ಕೇಳಬಹುದು. ಹೌದು, ಅಷ್ಟಮಿ ಚತುರ್ದಶಿಗೆ ನಮ್ಮ ಓಣಿಯ ಮಿಠಾಯಿಯವನ ವ್ಯಾಪಾರ ಇಳಿಯುತ್ತದೆ. ಆದರೆ ಪೇಢೆ ತಿಂದವನಿಗೆ ಹೊಟ್ಟೆ ತುಂಬುತ್ತದೆ, ನಾಲ್ಕರ ಮೇಲೆ ಐದನೆಯದು ಬೇಡವಾಗುತ್ತದೆ. ಬಾಜಿಯಲ್ಲಿ ಸೋತವನಿಗೆ ಸೋತುದರಿಂದಲೇ ಇನ್ನೊಂದು ಆಟ ಬೇಕಾಗುತ್ತದೆ. ಧರ್ಮರಾಯನ ಕಥೆ ನಮ್ಮ ಪುರಾಣಗಳಲ್ಲಿ ದ್ಯೂತವ್ಯಸನಕ್ಕೆ ದೃಷ್ಟಾಂತವಾಗಿರುವುದು ಇದೇ ಕಾರಣಕ್ಕೆ. ಅವನು ಮೂರ್ಖನಲ್ಲ, ಲೋಭಿಯೂ ಅಲ್ಲ, ಸೋತ ಮೇಲೆ ಏಳಲಾರದವನು. ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ಸಭೆಯ ಸಮಿತಿಯೊಂದು ೨೦೨೦ರ ಜುಲೈಯಲ್ಲಿ ಪ್ರಕಟಿಸಿದ ವರದಿಯಲ್ಲಿ ಒಂದು ಲೆಕ್ಕವಿದೆ: ಜೂಜಿನ ಉದ್ಯಮದ ಲಾಭದಲ್ಲಿ ನೂರಕ್ಕೆ ಅರವತ್ತು ಬರುವುದು, ವ್ಯಸನಕ್ಕೆ ಬಿದ್ದ ಅಥವಾ ಬೀಳುವ ಅಂಚಿನಲ್ಲಿರುವ ನೂರಕ್ಕೆ ಐದು ಜನರಿಂದ. ಅಂದರೆ ಏಳಲಾರದವರೇ ಆ ಮನೆಯ ಕಂಬಗಳು. ಅಲ್ಲಿನ ಆರೋಗ್ಯ ಇಲಾಖೆಯ ೨೦೨೩ರ ಅಂದಾಜಿನಂತೆ ಇಂಗ್ಲೆಂಡೊಂದರಲ್ಲಿಯೇ ಜೂಜಿನ ವ್ಯಸನಕ್ಕೆ ಸಂಬಂಧಿಸಿದ ಆತ್ಮಹತ್ಯೆಗಳು ವರ್ಷಕ್ಕೆ ೧೧೭ರಿಂದ ೪೯೬. ಇದು ಉದ್ಯಮಕ್ಕೆಲ್ಲ ಸೇರಿದ ಲೆಕ್ಕ. ಒಂದು ಸಂಸ್ಥೆಯ ತಲೆಗೆ ಕಟ್ಟತಕ್ಕದ್ದಲ್ಲ.

ಇಷ್ಟಾದ ಮೇಲೆ ಲೆಕ್ಕ ಮಾತ್ರ ಮಾಡುವವನ ಪಾಲೆಷ್ಟು? ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಆಸ್ರವಕ್ಕೆ ಆಧಾರವಾದ ಜೀವಾಧಿಕರಣದ ನೂರೆಂಟು ಭೇದಗಳನ್ನು ಹೇಳಿದೆ. ಸಂರಂಭ, ಸಮಾರಂಭ, ಆರಂಭ ಎಂಬ ಮೂರು, ಮನ, ವಚನ, ಕಾಯ ಎಂಬ ಮೂರು, ಕೃತ, ಕಾರಿತ, ಅನುಮತ ಎಂಬ ಮೂರು, ಕಷಾಯಗಳು ನಾಲ್ಕು. ಗುಣಿಸಿದರೆ ನೂರೆಂಟು. ಜಪಮಾಲೆಯ ಮಣಿ ಎಣಿಸುವಾಗ ಇದನ್ನು ನೆನೆಯುವವರು ಕಡಿಮೆ. ಸಮಾರಂಭವೆಂದರೆ ಇಂದಿನ ಕನ್ನಡದಲ್ಲಿ ಮದುವೆ, ಸನ್ಮಾನ, ಹಾರತುರಾಯಿ. ಶಾಸ್ತ್ರದಲ್ಲಿ ಅದಕ್ಕೆ ಕಾರ್ಯಕ್ಕೆ ಬೇಕಾದ ಸಾಧನಗಳನ್ನು ಕೂಡಿಸುವುದು ಎಂದರ್ಥ. ದರದ ಯಂತ್ರವನ್ನು ರಚಿಸುವವನು ಮಾಡುವುದು ನಿಖರವಾಗಿ ಇದನ್ನೇ. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಕೊಡಲಿ, ಕತ್ತಿ, ಬೆಂಕಿ, ಸರಪಳಿ ಮುಂತಾದುವನ್ನು ಇತರರಿಗೆ ಒದಗಿಸುವುದನ್ನು ಹಿಂಸಾದಾನವೆಂದು ಅನರ್ಥದಂಡದಲ್ಲಿ ಸೇರಿಸಿದ್ದಾರೆ. ಒದಗಿಸಿದವನು ಕಡಿಯಲಿಲ್ಲ, ಸುಡಲಿಲ್ಲ. ಆದರೂ ಅವನ ಹೆಸರು ಪಟ್ಟಿಯಲ್ಲಿದೆ. ಆ ಪಟ್ಟಿಯಲ್ಲಿ ಗಣಕಯಂತ್ರವಿಲ್ಲವೆಂದು ಬಿಡುವಂತಿಲ್ಲ. ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ನಿಷಿದ್ಧ ವ್ಯಾಪಾರಗಳ ಎಣಿಕೆಯ ವಿಷಯದಲ್ಲಿ, ಲೋಕದಲ್ಲಿ ಸಾವದ್ಯಕರ್ಮಗಳು ಅಗಣಿತವಾದುದರಿಂದ ಇಷ್ಟೇ ಎಂದು ಎಣಿಸುವುದು ಸಲ್ಲದೆಂದಿದ್ದಾರೆ.

ಹೀಗಾಗಿ ನಾನು ಅವನಿಗೆ ಹೇಳಿದ್ದು: ಕೃತದಲ್ಲಿ ನಿನ್ನ ವ್ರತ ಅಖಂಡ, ಕಾರಿತದಲ್ಲಿ ಅಲ್ಲ. ಮಗನ ಸಂಬಳದಲ್ಲಿ ಮನೆ ನಡೆಸುವ ತಾಯಿಯ ವಿಷಯ ಬೇರೆ. ಅವಳದು ಹೆಚ್ಚೆಂದರೆ ಅನುಮತಿ, ಅನುಮತಿತ್ಯಾಗ ಹತ್ತನೆಯ ಪ್ರತಿಮೆಯವನಿಗೆ ವಿಧಿಸಿದ್ದು. ಅವನು ಬಹಳ ಹೊತ್ತು ಸುಮ್ಮನಿದ್ದು, ವ್ಯಾಸಂಗಕ್ಕೆ ಮಾಡಿದ ಹದಿನೆಂಟು ಲಕ್ಷದ ಸಾಲ ಇನ್ನೂ ಅರ್ಧ ಬಾಕಿಯಿದೆಯೆಂದನು. ಈ ಮಾತು ಕೇಳಿದ ಮೇಲೆ ನಾಳೆಯೇ ಬಿಟ್ಟುಬಿಡು ಎನ್ನಲು ನನಗೆ ಬಾಯಿ ಬರಲಿಲ್ಲ. ವೃತ್ತಿವೇತನವನ್ನು ತಿಂಗಳಿಗೆ ತಪ್ಪದೆ ಪಡೆಯುವ ನನ್ನಂಥವನು ಹಾಗೆ ಹೇಳುವುದು ಸುಲಭ. ಯಮವೆಂದರೆ ಯಾವಜ್ಜೀವದ ವ್ರತ, ನಿಯಮವೆಂದರೆ ಕಾಲಮಿತಿಯ ವ್ರತ. ನಿಯಮದ ಮಾರ್ಗದಿಂದ, ಇಂಥ ತಿಥಿಯೊಳಗೆ ಬೇರೆ ಉದ್ಯೋಗ ನೋಡಿಕೊಳ್ಳುತ್ತೇನೆಂದು ಸಂಕಲ್ಪ ಮಾಡು, ಪ್ರಾಯಶ್ಚಿತ್ತವನ್ನು ಮುನಿಗಳಲ್ಲಿ ಕೇಳು ಎಂದೆನು. ಇದು ಸರಿಯೋ ಸಡಿಲವೋ ಇಂದಿಗೂ ನನಗೆ ನಿಶ್ಚಯವಿಲ್ಲ. ಮುಂದಿನ ದೀಪಾವಳಿಯೊಳಗೆ ಎಂದು ಅವನು ನಿಯಮ ತೆಗೆದುಕೊಂಡು ಹೋದನು.

ಹೋಗುವ ಮೊದಲು ಒಂದು ಚೆಕ್ಕನ್ನು ಮುಂದಿಟ್ಟನು. ನಮ್ಮ ಬಸದಿಯ ನವರಂಗದ ಮಾಳಿಗೆ ಸೋರುತ್ತಿರುವುದು ಊರಿಗೆಲ್ಲ ತಿಳಿದಿದೆ. ಅದರ ದುರಸ್ತಿಗೆಂದು ಐವತ್ತು ಸಾವಿರ ರೂಪಾಯಿ. ಸ್ಟೋಕಿನ ಆ ಸಂಸ್ಥೆಯ ಒಡತಿಯೂ ೨೦೧೨ರಲ್ಲಿ ದತ್ತಿಸಂಸ್ಥೆ ಕಟ್ಟಿ ಆಸ್ಪತ್ರೆ, ವಿದ್ಯಾಸಂಸ್ಥೆಗಳಿಗೆ ಕೊಡುತ್ತ ಬಂದಿದ್ದಾರೆ. ೨೦೨೦ರ ಮಹಾಮಾರಿಯ ಕಾಲದಲ್ಲಿ ಅಲ್ಲಿನ ಆಸ್ಪತ್ರೆಗಳಿಗೆ ಒಂದು ಕೋಟಿ ಪೌಂಡು ಕೊಟ್ಟರು. ಉಸಿರು ಸಿಕ್ಕದೆ ಮಲಗಿದ ರೋಗಿ ಆ ಹಣದ ಮೂಲ ಕೇಳಬೇಕೆಂದು ನಾನು ಹೇಳಲಾರೆ. ಆದರೆ ಕೊಡುವವನ ಕಡೆಯ ಮಾತು ಬೇರೆ. ದಾನ ಮಾಡಬಹುದೆಂದು ಹಣ ಕೂಡಿಡುವವನನ್ನು ಪೂಜ್ಯಪಾದಾಚಾರ್ಯರು ಇಷ್ಟೋಪದೇಶದಲ್ಲಿ, ಆಮೇಲೆ ಸ್ನಾನ ಮಾಡಿದರಾಯಿತೆಂದು ಮೈಗೆ ಕೆಸರು ಬಳಿದುಕೊಳ್ಳುವವನಿಗೆ ಹೋಲಿಸಿದ್ದಾರೆ. ದುರಸ್ತಿ ಸಮಿತಿಯಲ್ಲಿ ಎರಡು ಪಕ್ಷವಾಯಿತು. ಕೋಶಾಧ್ಯಕ್ಷರು, “ಮಾಸ್ತರರೆ, ಬಡ್ಡಿಯ ಹಣದಿಂದ, ಸರಾಯಿ ಗುತ್ತಿಗೆಯವರ ಹಣದಿಂದ ಕಟ್ಟಿದ ಕಂಬಗಳು ನಮ್ಮಲ್ಲಿ ಇಲ್ಲವೆ? ಕಲ್ಲಿನ ಮೇಲೆ ಹೆಸರು ಕೆತ್ತಿದೆ, ಓದಿ” ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಪಾವತಿ ಬರೆಯುವುದನ್ನು ಮಾತ್ರ ತಡೆದೆನು.

ಮೂರು ತಿಂಗಳಿಗೆ ಚೆಕ್ಕಿನ ಅವಧಿ ತೀರಿತು. ಹೊಸದನ್ನು ನಾವು ಕೇಳಲಿಲ್ಲ, ಅವನು ಕಳಿಸಲಿಲ್ಲ. ತಾನು ಎರಡು ಕಡೆ ಅರ್ಜಿ ಹಾಕಿರುವುದಾಗಿ ಅವನ ತಂದೆಯ ಮೂಲಕ ತಿಳಿಸಿದ್ದಾನೆ. ಈ ಮಳೆಗಾಲದಲ್ಲಿಯೂ ಬ್ರಹ್ಮದೇವರ ಗೂಡಿನ ಪಕ್ಕದಲ್ಲಿ ಹನಿ ಬೀಳುತ್ತಿದೆ. ಕೆಳಗೆ ಒಂದು ತಾಮ್ರದ ಹಂಡೆ ಇಟ್ಟಿದ್ದೇವೆ. ಬೆಳಗಿನ ಅಭಿಷೇಕಕ್ಕೆ ಬಂದವರು ಅದನ್ನು ಬಳಸಿಕೊಂಡು ಪ್ರದಕ್ಷಿಣೆ ಹಾಕುತ್ತಾರೆ.